ಕಾವ್ಯದಲ್ಲಿ ಕಂಪು, ಅರಿವಿನಲ್ಲಿ ವಾಸನೆ

(ದೋಹಾ ನಗರದ ಬಿನ್ ಒಮ್ರಾನ್ ಬಡಾವಣೆಯಲ್ಲಿ ಕನ್ನಡ ಕುಟುಂಬಗಳು ಸೇರಿ ನಡೆಸಿದ ಸಾಹಿತ್ಯಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕಾವ್ಯವನ್ನು ಕುರಿತು ಮಾತನಾಡುವಾಗ ನಾವು ಸಾಮಾನ್ಯವಾಗಿ ಕಣ್ಣು ಕಿವಿಗಳನ್ನೇ ಆಶ್ರಯಿಸುತ್ತೇವೆ. ಕವಿಯ ಅರಿವಿಗೆ ದರ್ಶನವೆನ್ನುತ್ತೇವೆ, ಕಾಣ್ಕೆಯೆನ್ನುತ್ತೇವೆ. ಛಂದಸ್ಸಿನಲ್ಲಿ ನಾದವನ್ನು ಅರಸುತ್ತೇವೆ. ಕಾವ್ಯಾನಂದಕ್ಕೆ ರಸವೆಂದು ಹೆಸರಿಟ್ಟು ನಾಲಗೆಗೂ ಒಂದು ಮಣೆ ಹಾಕಿದ್ದೇವೆ. ಆ ಪಂಕ್ತಿಯಲ್ಲಿ ಮೂಗಿಗೆ ಎಲೆ ಹಾಕಿದವರು ಕಡಮೆ. ಇಂದಿನ ಅಲ್ಪ ಸಮಯದಲ್ಲಿ ಮೂಗಿನ ಪರವಾಗಿ ನಾಲ್ಕು ಮಾತುಗಳನ್ನಾಡಬೇಕೆಂಬುದು ನಮ್ಮ ಉದ್ದೇಶ. ವಿಷಯ ಲಘುವೆಂದು ತೋರಬಹುದು. ಆದರೆ ನಾಡನ್ನು ಬಿಟ್ಟು ಬಂದು, ಮಕ್ಕಳಿಗೆ ನಾಡಿನ ನುಡಿಯನ್ನು ದಾಟಿಸಬೇಕೆಂದು ಹೆಣಗುತ್ತಿರುವ ನಮ್ಮಂಥವರಿಗೆ ಇದು ಲಘುವಾದ ವಿಷಯವಲ್ಲವೆಂಬುದು ಮಾತು ಮುಂದುವರಿದಂತೆ ಸ್ಪಷ್ಟವಾದೀತು.

ಮೊದಲು ನಮ್ಮ ಆಡುಮಾತನ್ನೇ ಪರಿಶೀಲಿಸೋಣ. ಕನ್ನಡದಲ್ಲಿ ನಾವು ಮುಟ್ಟಿ ‘ನೋಡು’ತ್ತೇವೆ, ರುಚಿ ‘ನೋಡು’ತ್ತೇವೆ, ಕೇಳಿ ‘ನೋಡು’ತ್ತೇವೆ, ಮೂಸಿಯೂ ‘ನೋಡು’ತ್ತೇವೆ. ಎಲ್ಲ ಇಂದ್ರಿಯಗಳ ಮೇಲೂ ಕಣ್ಣಿಗೆ ದೊರೆತನ. ಆದರೂ ಒಬ್ಬನಿಗೆ ಒಂದು ವಿಷಯದ ಅರಿವು ಎಳ್ಳಷ್ಟೂ ಇಲ್ಲವೆಂದು ಹೇಳಬೇಕಾದಾಗ ನಾವು ಬಳಸುವ ಮಾತು ಯಾವುದು? ‘ಅದರ ಗಂಧಗಾಳಿಯೂ ಇಲ್ಲ’ ಎನ್ನುತ್ತೇವೆ. ಯೋಗ್ಯತೆಯನ್ನು ಗುರುತಿಸಲಾರದವನನ್ನು ಕಂಡರೆ ‘ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ’ ಎನ್ನುತ್ತೇವೆ. ನಮ್ಮ ನುಡಿಯನ್ನು ಹೊಗಳುವಾಗಲೂ ಕನ್ನಡ ಕಸ್ತೂರಿಯೆನ್ನುತ್ತೇವೆ. ಒಂದು ಹಳ್ಳಿಯ ಮಾತಿಗೆ ಅದರದೇ ಆದ ಸ್ವಭಾವವಿದ್ದರೆ, ಅವರೆಕಾಯಿಯಿಂದ ಪದವನ್ನು ಎರವಲು ಪಡೆದು ‘ಸೊಗಡು’ ಎನ್ನುತ್ತೇವೆ. ಕಾಣುವುದಕ್ಕಿಂತ ಮೊದಲು, ಹೆಸರಿಡುವುದಕ್ಕಿಂತ ಮೊದಲು, ವಸ್ತುವೊಂದು ಇದೆಯೆಂದು ತಿಳಿಸುವ ಹೊಸ್ತಿಲು ಮೂಗು ಎಂಬುದನ್ನು ನಮ್ಮ ಭಾಷೆ ಬಲ್ಲದು.

ಇನ್ನು ಶಾಸ್ತ್ರಕಾರರ ಕಡೆಗೆ ಬರೋಣ. ನ್ಯಾಯ ವೈಶೇಷಿಕ ದರ್ಶನಗಳಲ್ಲಿ ಗಂಧವು ಪೃಥ್ವಿಯ ವಿಶೇಷ ಗುಣ. ನೀರಿಗೆ, ಬೆಂಕಿಗೆ, ಗಾಳಿಗೆ ಸ್ವಂತ ವಾಸನೆಯಿಲ್ಲ. ಅವುಗಳಲ್ಲಿ ಕಂಪು ತೋರಿದರೆ ಅದು ಮಣ್ಣಿನ ಕಣಗಳು ಸೇರಿದ್ದರಿಂದ ಬಂದದ್ದು. ಹದಿನೇಳನೆಯ ಶತಮಾನದ ಅನ್ನಂಭಟ್ಟನ ‘ತರ್ಕಸಂಗ್ರಹ’ವನ್ನು ಓದಿದವರಿಗೆ ಇನ್ನೊಂದು ಸಂಗತಿಯೂ ನೆನಪಿರಬಹುದು. ಅಲ್ಲಿ ಬಣ್ಣಗಳು ಏಳು, ರುಚಿಗಳು ಆರು, ಸ್ಪರ್ಶಗಳು ಮೂರು. ಗಂಧಗಳು ಮಾತ್ರ ಎರಡೇ — ಸುರಭಿ ಮತ್ತು ಅಸುರಭಿ, ಎಂದರೆ ಒಳ್ಳೆಯದು ಮತ್ತು ಕೆಟ್ಟದು. ಬಣ್ಣವನ್ನು ಏಳಾಗಿ ವಿಂಗಡಿಸಿದ ಸೂಕ್ಷ್ಮಮತಿ ಮೂಗಿನ ಲೋಕಕ್ಕೆ ಬಂದೊಡನೆ ಬೇಕು ಬೇಡಗಳಲ್ಲಿ ಮುಗಿಸಿಬಿಟ್ಟಿತು.

ಜೈನ ದಾರ್ಶನಿಕರ ಎಣಿಕೆ ಬೇರೆ. ಜೀವಿಗಳನ್ನು ಇಂದ್ರಿಯಗಳ ಸಂಖ್ಯೆಯಿಂದ ವಿಂಗಡಿಸುವಾಗ ಅವರು ಸ್ಪರ್ಶದಿಂದ ಆರಂಭಿಸಿ ರುಚಿಗೂ, ಅಲ್ಲಿಂದ ಘ್ರಾಣಕ್ಕೂ, ಆಮೇಲೆ ಕಣ್ಣಿಗೂ ಕಿವಿಗೂ ಬರುತ್ತಾರೆ. ಇರುವೆಗೆ ಮೂರೇ ಇಂದ್ರಿಯ; ಅದಕ್ಕೆ ಮೂಗುಂಟು, ಕಣ್ಣಿಲ್ಲ. ದುಂಬಿಗೆ ಕಣ್ಣೂ ಸೇರಿ ನಾಲ್ಕು. ಕಣ್ಣು ದೂರದಲ್ಲಿ ನಿಂತು ವಸ್ತುವನ್ನು ಅರಿಯುತ್ತದೆ, ಮೂಗಾದರೋ ವಸ್ತು ತನ್ನನ್ನು ಬಂದು ಸೋಕಿದಾಗ ಮಾತ್ರ ಅರಿಯುತ್ತದೆ ಎಂಬುದೂ ಅವರ ಮತ. ಈ ಭೇದವನ್ನು ನೆನಪಿನಲ್ಲಿಡಬೇಕಾಗಿ ಕೋರಿಕೆ. ನೋಡಿದ್ದು ನಮ್ಮಿಂದ ಹೊರಗೆ ಉಳಿಯುತ್ತದೆ. ಮೂಸಿದ್ದು ಒಳಗೆ ಬಂದಿರುತ್ತದೆ.

ತರ್ಕದವರು ಎರಡೇ ಎಂದ ಗಂಧಗಳನ್ನು ನಮ್ಮ ಅಡುಗೆಮನೆ ಹತ್ತಾಗಿ ಬಲ್ಲದು. ಮೆಣಸಿನಕಾಯಿ ಹುರಿದಾಗ ಘಾಟು. ಹಳೆಯ ಎಣ್ಣೆಗೂ ಕೊಬ್ಬರಿಗೂ ಕಮಟು. ಗಾಳಿಯಾಡದ ಡಬ್ಬಿಯ ಹಿಟ್ಟಿಗೂ ಮಳೆಗಾಲದ ಬಟ್ಟೆಗೂ ಮುಗ್ಗು. ನಿನ್ನೆಯ ಅನ್ನಕ್ಕೆ ಹಳಸಲು. ತಳ ಹಿಡಿದ ಹಾಲಿಗೆ ಸೀದ ವಾಸನೆ. ಕುದಿಯದ ಸಾರಿಗೆ ಹಸಿ ವಾಸನೆ. ಇಲ್ಲಿ ಘಾಟು, ಕಮಟು, ಮುಗ್ಗು ಎಂಬವು ಯಾವುದೋ ಒಂದು ವಸ್ತುವಿನ ಹೆಸರಿನಿಂದ ಹುಟ್ಟಿದ ಪದಗಳಲ್ಲ. ಹಲವು ವಸ್ತುಗಳಿಗೆ ಸಮಾನವಾದ ಗುಣದ ಹೆಸರುಗಳು. ಮಲಯ ಪರ್ಯಾಯದ್ವೀಪದ ಕಾಡಿನಲ್ಲಿ ವಾಸಿಸುವ ಜಹಾಯ್ ಎಂಬ ಜನರ ಭಾಷೆಯಲ್ಲಿ ಇಂಥ ಪದಗಳು ಹಲವಿವೆಯೆಂದೂ, ಅವರು ಬಣ್ಣಗಳಷ್ಟೇ ಸುಲಭವಾಗಿ ವಾಸನೆಗಳನ್ನು ಹೆಸರಿಸುತ್ತಾರೆಂದೂ ಅಸೀಫಾ ಮಜೀದ್ ಮತ್ತು ನಿಕ್ಲಾಸ್ ಬುರೆನ್‌ಹುಲ್ಟ್ ಎಂಬ ವಿದ್ವಾಂಸರು 2014ರಲ್ಲಿ ಪ್ರಕಟಿಸಿದಾಗ ವಿದ್ವಲ್ಲೋಕ ಬೆರಗಾಯಿತು. ನಮ್ಮ ಅಜ್ಜಿಯರು ಬೆರಗಾಗುತ್ತಿರಲಿಲ್ಲ. ಸಾರಿನ ಹಸಿ ವಾಸನೆ ಹೋಯಿತೇ ಇಲ್ಲವೇ ಎಂಬುದನ್ನು ಅವರು ಗಡಿಯಾರ ನೋಡಿ ತೀರ್ಮಾನಿಸಿದವರಲ್ಲ. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ತಾರ್ಕಿಕರ ಅನುಮಾನಪ್ರಮಾಣಕ್ಕೆ ಪ್ರಸಿದ್ಧ ಉದಾಹರಣೆ. ನಡುಮನೆಯಲ್ಲಿ ಕುಳಿತು, ಕಣ್ಣಿಗೆ ಏನೂ ಕಾಣದೆ, ‘ಒಲೆಯ ಮೇಲಿನ ಹಾಲು ನೋಡು’ ಎಂದು ಕೂಗುವ ತಾಯಿಯದೂ ಅದೇ ಅನುಮಾನ. ಹೊಗೆಯ ಬದಲು ವಾಸನೆ, ಅಷ್ಟೇ. 2020ರ ಮಹಾಮಾರಿಯಲ್ಲಿ ಘ್ರಾಣಶಕ್ತಿಯನ್ನು ಕಳೆದುಕೊಂಡವರಿಗೆ ಈ ಅರಿವಿನ ಬೆಲೆ ತಿಳಿಯಿತು. ಅನಿಲ ಸೋರಿದರೂ ತಿಳಿಯದು, ಅನ್ನ ಹಳಸಿದರೂ ತಿಳಿಯದು, ಕೈತುತ್ತಿನ ಊಟವೂ ಅಪರಿಚಿತ.

ಆಧುನಿಕ ವಿಜ್ಞಾನವೂ ಮೂಗಿಗೆ ನ್ಯಾಯ ಒದಗಿಸಿದ್ದು ಇತ್ತೀಚೆಗೆ. ವಾಸನೆಯನ್ನು ಗ್ರಹಿಸುವ ಜೀವಕೋಶಗಳ ರಹಸ್ಯವನ್ನು 1991ರಲ್ಲಿ ಬಿಡಿಸಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಬಣ್ಣಗಳನ್ನು ಕಾಣಲು ನಮ್ಮ ಕಣ್ಣಿಗೆ ಮೂರು ಬಗೆಯ ಗ್ರಾಹಕಗಳು ಸಾಕಾದರೆ, ಮೂಗಿನಲ್ಲಿ ಸುಮಾರು 400 ಬಗೆಯವು ಇವೆ. ಕಣ್ಣು ಕಿವಿಗಳ ಸುದ್ದಿ ಮಿದುಳಿನ ನಡುವಣ ಒಂದು ಠಾಣೆಯನ್ನು ಹಾದು ಮುಂದೆ ಹೋಗುತ್ತದೆ; ವಾಸನೆಯ ಸುದ್ದಿ ಆ ಠಾಣೆಯಲ್ಲಿ ನಿಲ್ಲದೆ, ಭಾವಕ್ಕೂ ನೆನಪಿಗೂ ಸಂಬಂಧಿಸಿದ ಭಾಗಗಳ ಹತ್ತಿರಕ್ಕೆ ನೇರವಾಗಿ ತಲಪುತ್ತದೆ. ಹೆಸರು ಹೊಳೆಯುವುದಕ್ಕೆ ಮೊದಲೇ ಕಣ್ಣು ತೇವವಾಗುವುದು ಈ ಕಾರಣದಿಂದ.

ಇಷ್ಟನ್ನು ಮನಸ್ಸಿನಲ್ಲಿಟ್ಟು ಆದಿಕವಿ ಪಂಪನಲ್ಲಿಗೆ ಹೋಗೋಣ. ಕ್ರಿ.ಶ. 941ರ ಸುಮಾರಿಗೆ ರಚಿತವಾದ ‘ವಿಕ್ರಮಾರ್ಜುನ ವಿಜಯ’ದಲ್ಲಿ ಶಂತನು ಯೋಜನಗಂಧಿಯನ್ನು ಕಾಣುವ ಪದ್ಯವೊಂದಿದೆ. ಬೇಟೆಯ ನೆಪದಲ್ಲಿ ಅಲೆಯುತ್ತಿದ್ದ ಅರಸನಿಗೆ ಮೊದಲು ಅವಳ ಮೈಗಂಪು ಬಂದು ತಾಗುತ್ತದೆ. ಅವನು ದುಂಬಿಯಂತೆ ಅದಕ್ಕೆ ಸೋಲುತ್ತಾನೆ. ಆಮೇಲೆ ಅವಳನ್ನು ಕಾಣುತ್ತಾನೆ, ಆಮೇಲೆ ಒಲಿಯುತ್ತಾನೆ. ಈ ಕ್ರಮವನ್ನು ಗಮನಿಸಬೇಕು. ಪ್ರೇಮವೆಂದರೆ ಕಣ್ಣು ಕಣ್ಣು ಕಲೆಯುವುದೆಂದು ನಂಬಿದ ಕಾವ್ಯಪರಂಪರೆಯಲ್ಲಿ ಪಂಪನು ಕಣ್ಣನ್ನು ಎರಡನೆಯ ಸ್ಥಾನಕ್ಕೆ ತಳ್ಳಿದ್ದಾನೆ. ಕಂಪು ಸೋಕಿತು ಎಂಬಲ್ಲಿ, ಜಿನಧರ್ಮವನ್ನು ಅರಿತ ಕವಿಯ ಇಂದ್ರಿಯಜ್ಞಾನವೂ ಇದ್ದೀತು. ಅಷ್ಟೇ ಅಲ್ಲ. ಆ ಒಂದು ಕಂಪಿನ ಹಿಂದೆ ಹೋದುದರಿಂದಲೇ ಅಂಬಿಗರೊಡೆಯನ ಷರತ್ತು, ಅದರಿಂದ ದೇವವ್ರತನ ಪ್ರತಿಜ್ಞೆ, ಅದರಿಂದ ಮುಂದಿನ ಕುಲದ ಕಥೆ. ಭಾರತದ ಮಹಾವೃಕ್ಷಕ್ಕೆ ಒಂದು ಬೇರು ಮೂಗಿನಲ್ಲಿದೆ.

ಇದೇ ಕಥೆಯಲ್ಲಿ ನಮ್ಮನ್ನು ನೋಯಿಸಬೇಕಾದ ಒಂದು ಸಂಗತಿಯೂ ಇದೆ. ಯೋಜನಗಂಧಿ ಮೊದಲು ಮತ್ಸ್ಯಗಂಧಿಯಾಗಿದ್ದವಳು. ಮೀನಿನ ವಾಸನೆಯವಳೆಂಬುದೇ ಅವಳ ಹೆಸರು. ಪರಾಶರನ ವರದಿಂದ ಆ ವಾಸನೆ ಹೋಗಿ ಪರಿಮಳ ಬಂದ ಮೇಲೆಯೇ ಅವಳು ಅರಸಿಯಾಗಲು ಅರ್ಹಳಾದಳು. ಮೂಗು ಅರಿಯುವುದಷ್ಟೇ ಅಲ್ಲ, ತೀರ್ಪನ್ನೂ ಕೊಡುತ್ತದೆ. ಎಷ್ಟೋ ಸಲ ಆ ತೀರ್ಪು ಅನ್ಯಾಯದ್ದು. ಕುಲವನ್ನೂ ಕಸುಬನ್ನೂ ವಾಸನೆಯಿಂದ ಅಳೆದು ಜನರನ್ನು ದೂರವಿಟ್ಟ ಚರಿತ್ರೆ ನಮ್ಮದು. ಪರನಾಡಿಗೆ ಬಂದ ಮೇಲೆ ಅದೇ ಅಳತೆಗೆ ನಾವೂ ಸಿಕ್ಕಿದ್ದೇವೆ. ಬಂಗುಡೆ ಹುರಿಯುವ ಮುನ್ನ ಕಿಟಕಿ ಮುಚ್ಚುವ ಮನೆಗಳು ನಮ್ಮಲ್ಲಿವೆ. ಇಂಗಿನ ಒಗ್ಗರಣೆ ಮೆಟ್ಟಿಲಿಗೆ ಹೋಗದಿರಲೆಂದು ಬಾಗಿಲ ಸಂದಿಗೆ ಬಟ್ಟೆ ಇಡುವ ಮನೆಗಳೂ ಇವೆ. ಶಾಲೆಯಲ್ಲಿ ಡಬ್ಬಿ ತೆರೆದಾಗ ಪಕ್ಕದವನು ಮೂಗು ಮುಚ್ಚಿಕೊಂಡನೆಂಬ ಕಾರಣಕ್ಕೆ ‘ನಾಳೆಯಿಂದ ಬ್ರೆಡ್ಡೇ ಸಾಕಮ್ಮ’ ಎನ್ನುವ ಮಗುವಿಗೆ ನಾವೇನು ಉತ್ತರ ಕೊಡುತ್ತೇವೆ? ಆ ಮಗು ಬಿಟ್ಟುಕೊಡುತ್ತಿರುವುದು ಒಂದು ತಿಂಡಿಯನ್ನು ಮಾತ್ರವಲ್ಲ. ತನ್ನ ಮನೆಯ ಅರಿವಿನ ಒಂದು ಭಾಗವನ್ನು. ಮತ್ಸ್ಯಗಂಧಿ ತನ್ನ ವಾಸನೆಯನ್ನು ಕಳೆದುಕೊಳ್ಳದೆ ಅರಸಿಯಾಗುವ ಕಥೆಯನ್ನು ನಮ್ಮ ಮನೆಗಳಲ್ಲಾದರೂ ನಾವು ಹೇಳಬೇಕಾಗಿದೆ. ನೆರೆಮನೆಯ ಅಡುಗೆಯನ್ನು ಕುರಿತು ನಾವು ಮೂಗು ಮುರಿಯುವಾಗಲೂ ಈ ಮಾತು ನೆನಪಿರಬೇಕು.

ಪಂಪನ ಇನ್ನೊಂದು ಪದ್ಯ ಇಲ್ಲಿ ಸೇರಿರುವ ಎಲ್ಲರಿಗೂ ಬಾಯಿಪಾಠ. ಬನವಾಸಿಯ ನೆನಪಿನ ಪದ್ಯ. ಅದನ್ನು ಅರ್ಜುನನ ತೀರ್ಥಯಾತ್ರೆಯ ಸಂದರ್ಭದಲ್ಲಿ ಇಟ್ಟ ಕವಿ ಇದ್ದದ್ದು ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿ. ಆ ಊರು ಇಂದು ತೆಲಂಗಾಣದಲ್ಲಿದೆ, ಬನವಾಸಿಯಿಂದ ನೂರಾರು ಮೈಲಿ ದೂರ. ದೂರದಲ್ಲಿದ್ದವನ ಪದ್ಯವಾದ್ದರಿಂದಲೇ ನಮ್ಮ ಕೂಟಗಳಲ್ಲಿ ಅದಕ್ಕೆ ಅಗ್ರಸ್ಥಾನ. ಆದರೆ ಒಂದು ಸೂಕ್ಷ್ಮವನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಆ ಪದ್ಯದಲ್ಲಿ ಮೈಗೆ ತೆಂಕಣ ಗಾಳಿಯಿದೆ, ಕಿವಿಗೆ ಮಾತೂ ಹಾಡೂ ಇವೆ, ಮಲ್ಲಿಗೆಯೂ ಇದೆ. ಮಲ್ಲಿಗೆಯನ್ನು ಕವಿ ಒಪ್ಪಿಸಿರುವುದು ಮಾತ್ರ ಕಣ್ಣಿಗೆ; ಮೂಗಿಗಲ್ಲ. ಕಂಪಿನ ಮಾತನ್ನೇ ಅಲ್ಲಿ ಎತ್ತಿಲ್ಲ. ಹಾಗಿದ್ದೂ ಆ ಪದ್ಯವನ್ನು ಓದಿದ ಪ್ರತಿಯೊಬ್ಬ ಕನ್ನಡಿಗನಿಗೂ ಮಲ್ಲಿಗೆಯ ಕಂಪು ಬರುತ್ತದೆ! ಕವಿ ಕೊಡದೆ ಇದ್ದದ್ದು ನಮಗೆ ಎಲ್ಲಿಂದ ಬಂತು?

ಇದಕ್ಕೆ ಉತ್ತರ ‘ವಾಸನೆ’ ಎಂಬ ಪದದಲ್ಲಿಯೇ ಇದೆ. ಈ ಪದಕ್ಕೆ ಮೂಗಿಗೆ ಬರುವ ಗಂಧವೆಂಬ ಅರ್ಥವೂ ಉಂಟು, ಹಿಂದಿನ ಅನುಭವ ಮನಸ್ಸಿನಲ್ಲಿ ಉಳಿಸಿಹೋದ ಸಂಸ್ಕಾರವೆಂಬ ಅರ್ಥವೂ ಉಂಟು. ಪೂರ್ವಜನ್ಮದ ವಾಸನೆಯೆಂದು ಹಿರಿಯರು ಹೇಳುವುದು ಈ ಎರಡನೆಯ ಅರ್ಥದಲ್ಲಿ. ಹೂವಿನೊಡನೆ ಇಟ್ಟ ಎಳ್ಳಿಗೆ ಹೂವಿನ ಕಂಪು ಹತ್ತುತ್ತದೆ; ಹೂವನ್ನು ತೆಗೆದ ಮೇಲೂ ಎಣ್ಣೆಯಲ್ಲಿ ಅದು ಉಳಿಯುತ್ತದೆ. ಮನಸ್ಸಿನಲ್ಲಿ ಅನುಭವ ಉಳಿಯುವ ಬಗೆಯನ್ನು ವಿವರಿಸಲು ಬೌದ್ಧ ದಾರ್ಶನಿಕರು ಕೊಟ್ಟ ದೃಷ್ಟಾಂತವಿದು. ಕಾಶ್ಮೀರದ ಅಭಿನವಗುಪ್ತನು ಇದನ್ನೇ ಕಾವ್ಯಮೀಮಾಂಸೆಗೆ ತಂದನು: ಓದುಗನಲ್ಲಿ ವಾಸನಾರೂಪದಲ್ಲಿ ಮೊದಲೇ ಇರುವ ಭಾವವನ್ನು ಕಾವ್ಯ ಎಚ್ಚರಿಸುತ್ತದೆ, ಇಲ್ಲದ್ದನ್ನು ತಂದು ತುಂಬುವುದಿಲ್ಲ. ಬಣ್ಣವನ್ನು ವರ್ಣಿಸಬಹುದು, ದನಿಯನ್ನು ಅನುಕರಿಸಬಹುದು. ಕಂಪನ್ನು ಮಾತಿನಲ್ಲಿ ಕಟ್ಟಿ ಕಳುಹಿಸುವುದು ಸಾಧ್ಯವಿಲ್ಲ. ಬಲ್ಲವನಿಗೆ ನೆನಪಿಸಬಹುದು, ಅಷ್ಟೇ. ಬಸವಣ್ಣನವರು ದೇವರ ಇರವನ್ನು ಹೇಳಲು ಮೊಗ್ಗಿನೊಳಗಿನ ಪರಿಮಳದ ಹೋಲಿಕೆಯನ್ನು ಆರಿಸಿಕೊಂಡದ್ದು ಈ ಕಾರಣದಿಂದಲೇ ಇರಬೇಕು. ಇದೆ, ಆದರೆ ತೋರಿಸಿ ಎಂದರೆ ತೋರಿಸಲಾಗದು.

ಇಲ್ಲಿಗೆ ನಮ್ಮ ಕಷ್ಟದ ಬಾಗಿಲಿಗೆ ಬಂದೆವು. ಬಿನ್ ಒಮ್ರಾನಿನ ಮಹಡಿಮನೆಗಳಲ್ಲಿ ಹುಟ್ಟಿ ಬೆಳೆದ ಮಗುವಿಗೆ ಪಂಪನ ಮಲ್ಲಿಗೆಯನ್ನೋ, 1942ರಲ್ಲಿ ಹೊರಬಂದ ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ಯನ್ನೋ ಓದಿ ಹೇಳಿದರೆ ಅದಕ್ಕೆ ಏನು ತಲಪುತ್ತದೆ? ಅರ್ಥ ತಲಪುತ್ತದೆ, ಕಂಪು ತಲಪುವುದಿಲ್ಲ. ಇಂದು ಊರಿನ ಮುಖವನ್ನು ದೂರವಾಣಿಯ ಪರದೆಯಲ್ಲಿ ಕಾಣಬಹುದು, ಊರಿನ ದನಿಯನ್ನು ಕೇಳಬಹುದು. ಅಜ್ಜಿಯ ಸೀರೆಯ ಮಡಿಕೆಯ ವಾಸನೆಯನ್ನು ಕಳುಹಿಸುವ ಯಂತ್ರ ಇನ್ನೂ ನಮ್ಮ ಮನೆಗಳಿಗೆ ಬಂದಿಲ್ಲ. ಮಕ್ಕಳು ಕನ್ನಡದ ಪದ್ಯಕ್ಕೆ ಮುಖ ಅರಳಿಸುವುದಿಲ್ಲವೆಂದು ನಾವು ಕೊರಗುತ್ತೇವೆ. ದೋಷ ಮಕ್ಕಳದಲ್ಲ. ಹೂವಿನೊಡನೆ ಇಡದ ಎಳ್ಳಿನಿಂದ ಮಲ್ಲಿಗೆಯೆಣ್ಣೆಯನ್ನು ನಿರೀಕ್ಷಿಸುವುದು ಯಾವ ನ್ಯಾಯ? ‘ನಮ್ಮಜ್ಜ ತುಪ್ಪ ತಿಂದಿದ್ದ, ನನ್ನ ಕೈ ಮೂಸಿ ನೋಡಿ’ ಎಂಬ ಗಾದೆಯವನಂತೆ ನಾವು ನಮ್ಮ ನೆನಪನ್ನು ಮಕ್ಕಳ ಮೂಗಿಗೆ ಹಿಡಿದರೆ ಅವರಿಗೆ ಏನೂ ಬರುವುದಿಲ್ಲ.

ಆದರೆ ಈ ಮಕ್ಕಳು ವಾಸನೆಯಿಲ್ಲದ ಲೋಕದಲ್ಲಿ ಬೆಳೆಯುತ್ತಿಲ್ಲ. ಅವರನ್ನೇ ಕೇಳಿದರೆ ಹೇಳುತ್ತಾರೆ: ಕರಕ್ ಚಹಾದ ಏಲಕ್ಕಿ, ಕಡಲಿನಿಂದ ಬರುವ ಉಪ್ಪುಗಾಳಿ, ಧೂಳು ಎದ್ದ ದಿನದ ಒಣಗಂಪು. ಎಲ್ಲಕ್ಕಿಂತ ಮಿಗಿಲಾಗಿ ಊದ್ ಮತ್ತು ಬಖೂರ್. ಇಲ್ಲಿನ ಮನೆಗಳಲ್ಲಿ ಅತಿಥಿ ಹೊರಡುವ ಮುನ್ನ ಮಬ್ಖರಾ ಎಂಬ ಧೂಪಪಾತ್ರೆಯನ್ನು ಮುಂದೆ ಹಿಡಿಯುವುದು, ಆ ಹೊಗೆಯನ್ನು ಬಟ್ಟೆಗೂ ಕೂದಲಿಗೂ ಹಾಯಿಸಿಕೊಳ್ಳುವುದು ಎಲ್ಲರೂ ಕಂಡ ಪದ್ಧತಿ. ಲಿಫ್ಟಿನ ಬಾಗಿಲು ತೆರೆದೊಡನೆ ಯಾರೋ ಈಗತಾನೇ ಹೋದರೆಂದು ಕಂಪು ಹೇಳುತ್ತದೆ.

ಈ ಊದ್ ಬೇರೆ ಯಾವುದೂ ಅಲ್ಲ, ನಮ್ಮ ಕಾವ್ಯಗಳ ಅಗರು. ಅಸ್ಸಾಮಿನಿಂದ ಆಗ್ನೇಯ ಏಷ್ಯದವರೆಗೆ ಬೆಳೆಯುವ ಮರವೊಂದಕ್ಕೆ ಗಾಯವಾಗಿ ಬೂಷ್ಟು ಹತ್ತಿದಾಗ ಮರವು ತನ್ನನ್ನು ಕಾಪಾಡಿಕೊಳ್ಳಲು ಕಪ್ಪು ರಾಳವನ್ನು ತುಂಬಿಕೊಳ್ಳುತ್ತದೆ. ಆ ರಾಳಗೂಡಿದ ಕಟ್ಟಿಗೆಯೇ ಕಾಲಾಗರು. ಕಾಳಿದಾಸನ ಹೆಸರಿನಲ್ಲಿರುವ ‘ಋತುಸಂಹಾರ’ದ ಚಳಿಗಾಲದಲ್ಲಿ ಸ್ತ್ರೀಯರು ಕೂದಲಿಗೆ ಹಾಯಿಸಿಕೊಳ್ಳುವುದು ಅದರ ಹೊಗೆಯನ್ನೇ. ಕ್ರಿ.ಶ. 1025ರ ಸುಮಾರಿಗೆ ಚಾವುಂಡರಾಯನು ಕನ್ನಡದಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ಅಡುಗೆ, ಮಳೆ, ಮರಗಿಡಗಳ ಜೊತೆಗೆ ಸುಗಂಧದ್ರವ್ಯಗಳಿಗೂ ಒಂದು ಅಧ್ಯಾಯವುಂಟು. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಧೂಪವನ್ನು ಅನುಭವಿಸುವುದು ಅರಸನ ಭೋಗಗಳಲ್ಲೊಂದು. ನಾಡಿನಲ್ಲಿಯೇ ಬೆಳೆದ ಇಂದಿನ ಹುಡುಗರಲ್ಲಿ ಹೆಚ್ಚಿನವರಿಗೆ ಅಗರು ಎಂಬುದು ಊದುಬತ್ತಿಯ ಪೊಟ್ಟಣದ ಮೇಲಿನ ಹೆಸರು, ಇಲ್ಲವೆ ನಿಘಂಟಿನ ಪದ. ನಮ್ಮ ಮಕ್ಕಳಿಗೆ ಅದು ಮೂಗು ಬಲ್ಲ ವಸ್ತು. ಮಲ್ಲಿಗೆಯ ಪದ್ಯದಲ್ಲಿ ಅವರು ಹಿಂದೆ ಬಿದ್ದರೆ, ಅಗರುವಿನ ಪದ್ಯದಲ್ಲಿ ಅವರೇ ಮುಂದೆ. ‘ಇದಕ್ಕೆ ನಮ್ಮ ಹಳೆಯ ಕವಿಗಳು ಅಗರು ಎನ್ನುತ್ತಿದ್ದರು’ ಎಂದು ಯಾರಾದರೂ ಅವರಿಗೆ ಒಮ್ಮೆ ಹೇಳಬೇಕು. ಹೇಳಬೇಕಾದವರು ನಾವು.

ಮಣ್ಣಿನ ಮಾತೂ ಹೀಗೆಯೇ. ಮೊದಲ ಮಳೆಯ ಮಣ್ಣಿನ ಕಂಪಿಗೆ 1964ರಲ್ಲಿ ಆಸ್ಟ್ರೇಲಿಯದ ಇಬ್ಬರು ವಿಜ್ಞಾನಿಗಳು ‘ಪೆಟ್ರಿಕೋರ್’ ಎಂಬ ಹೆಸರಿಟ್ಟರು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕ ಮಳೆ. ಇಲ್ಲಿ ನೂರು ಮಿಲಿಮೀಟರೂ ಇಲ್ಲ. ಆದರೂ ಅಕ್ಟೋಬರ್ ನಡುವಿನಲ್ಲಿ ಕಾಲಿಡುವ ವಸ್ಮಿ ಎಂಬ ಋತುವನ್ನು ಈ ನಾಡಿನವರು ಕಾಯುವ ಪರಿಯನ್ನು ಕಂಡವರಿಗೆ ನಮ್ಮ ಮೃಗಶಿರಾ ಮಳೆಯ ನೆನಪಾಗದಿರದು. ಎಷ್ಟೋ ತಿಂಗಳು ಬಾಯಾರಿದ ನೆಲಕ್ಕೆ ನಾಲ್ಕು ಹನಿ ಬಿದ್ದಾಗ ಏಳುವ ಕಂಪು ಪೃಥ್ವಿಯದೇ. ಗಂಧವು ಮಣ್ಣಿನ ಗುಣವೆಂದ ಶಾಸ್ತ್ರಕಾರರು ಯಾವ ದೇಶದ ಮಣ್ಣು ಎಂದು ಹೇಳಲಿಲ್ಲ.

ಆದುದರಿಂದ ಈ ಸಭೆಯ ಮುಂದೆ ಎರಡು ವಿನಂತಿಗಳನ್ನು ಇಡಬಯಸುತ್ತೇವೆ. ಮೊದಲನೆಯದು, ಮಕ್ಕಳಿಗೆ ಪದ್ಯಕ್ಕಿಂತ ಮೊದಲು ವಸ್ತುವನ್ನು ಕೊಡೋಣ. ಊರಿನಿಂದ ಬರುವವರ ಪೆಟ್ಟಿಗೆಯಲ್ಲಿ ಚಕ್ಕುಲಿ, ಕೋಡುಬಳೆಗಳಿಗೆ ಇರುವ ಜಾಗದಲ್ಲಿ ಸ್ವಲ್ಪವನ್ನು ಒಂದು ಮೊಳ ಶಂಕರಪುರದ ಮಲ್ಲಿಗೆಗೆ, ಒಂದು ಕೇದಗೆಯ ಗರಿಗೆ, ಒಂದು ಶ್ರೀಗಂಧದ ಕೊರಡಿಗೆ, ಲಾವಂಚದ ಬೇರಿಗೆ ಬಿಟ್ಟುಕೊಡೋಣ. ಮೊದಲು ಮೂಸಲಿ, ಹೆಸರು ಕೇಳಲಿ, ಆಮೇಲೆ ಪದ್ಯ ಬರಲಿ. ಅಡುಗೆಮನೆಗೆ ಕರೆದು ಘಾಟು ಯಾವುದು, ಕಮಟು ಯಾವುದು, ಹಸಿ ವಾಸನೆ ಹೋಗುವುದೆಂದರೇನು ಎಂದು ಗುರುತಿಸಲು ಕಲಿಸೋಣ. ಹೆಣ್ಣುಮಕ್ಕಳನ್ನು ಮಾತ್ರವಲ್ಲ, ಗಂಡುಮಕ್ಕಳನ್ನೂ ಕರೆಯೋಣ. ಈ ಪದಗಳನ್ನು ಪುಸ್ತಕದಿಂದ ಕಲಿಯಲಾಗದು. ಒಲೆಯ ಬಳಿ ನಿಂತವರಿಗೆ ಒಂದೇ ದಿನದಲ್ಲಿ ಬರುತ್ತವೆ.

ಎರಡನೆಯದು, ಮಕ್ಕಳು ತಮ್ಮ ಮೂಗು ಬಲ್ಲದ್ದನ್ನು ಕನ್ನಡದಲ್ಲಿ ಬರೆಯಲಿ. ನಮ್ಮ ಬಾಲ್ಯದ ಮಲೆನಾಡನ್ನೋ ಕರಾವಳಿಯನ್ನೋ ಅವರು ನಕಲು ಮಾಡುವುದು ಬೇಡ. ಬಖೂರಿನ ಹೊಗೆ, ಶುಕ್ರವಾರ ಮಧ್ಯಾಹ್ನ ಮೆಟ್ಟಿಲ ಮೇಲೆ ಒಂದೊಂದು ಬಾಗಿಲಿನಿಂದ ಒಂದೊಂದು ದೇಶದ ಅಡುಗೆಯ ಘಮ, ರಜೆಗೆ ಊರಿಗೆ ಹೋದಾಗ ವಿಮಾನದ ಬಾಗಿಲು ತೆರೆದೊಡನೆ ಮೂಗಿಗೆ ಬಡಿಯುವ ಒದ್ದೆ ಗಾಳಿ — ಇವುಗಳಿಗೆ ಕನ್ನಡದಲ್ಲಿ ಇನ್ನೂ ಪದ್ಯ ಬೇಕಾಗಿದೆ. ಒಂದು ಮನೆಯಿಂದ ಹತ್ತು ಸಾಲು ಬಂದರೂ ಸಾಕು, ತಪ್ಪು ಕಾಗುಣಿತವಿದ್ದರೂ ಸರಿ. ಈ ಪತ್ರಿಕೆಯ ಸಂಪಾದಕರು ಒಂದು ಪುಟವನ್ನು ಅದಕ್ಕಾಗಿ ಮೀಸಲಿಡಬೇಕೆಂದು ಕೋರುತ್ತೇವೆ. ಭಾಷೆಯೊಂದು ಪರನಾಡಿನಲ್ಲಿ ಬದುಕುವುದು ಹಿಂದಿನ ನೆನಪನ್ನು ಕಾಪಾಡುವುದರಿಂದ ಅರ್ಧ. ಇಂದಿನ ಅನುಭವಕ್ಕೆ ಹೆಸರು ಕೊಡುವುದರಿಂದ ಇನ್ನರ್ಧ.

ಒಳಗೆ ಊಟ ಸಿದ್ಧವಾಗಿದೆಯೆಂಬುದನ್ನು ಯಾರೂ ಬಂದು ಹೇಳಬೇಕಾಗಿಲ್ಲ. ಅದು ಆಗಲೇ ಎಲ್ಲರಿಗೂ ತಿಳಿದಿದೆ.